ನೀರು ಕುದಿಯೋಕೆ ಮುಂಚೆ ಅಷ್ಟು ಸದ್ದು ಮಾಡುತ್ತೆ, ಕುದಿ ಬಂದ ಮೇಲೆ ಯಾಕೆ ಸುಮ್ಮನಾಗುತ್ತೆ?

ಸುಮಾ_ಕೆ

ಎಲ್ಲರಿಗೂ ನಮಸ್ಕಾರ, ತುಂಬಾ ದಿನದಿಂದ ತಲೇಲಿ ಕೂತಿರೋ ಪ್ರಶ್ನೆ ಇದು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ನಮ್ಮಜ್ಜಿಗೆ ಕಣ್ಣು ಹೋಗಿ ಆರು ವರ್ಷ ಆಯ್ತು, ಬೆಳಕು ಕತ್ತಲೆ ಬಿಟ್ರೆ ಬೇರೇನೂ ಕಾಣಲ್ಲ. ಆದ್ರೆ ಸ್ಟವ್ ಮೇಲೆ ನೀರಿಟ್ಟಾಗ ಅಡುಗೆಮನೆ ಬಾಗಿಲ ಹತ್ರ ಕುರ್ಚೀಲಿ ಕೂತ್ಕೊಂಡೇ ಹೇಳ್ತಾರೆ, ಇನ್ನೂ ಕಾದಿಲ್ಲ, ಈಗ ಹತ್ರ ಬಂತು, ಈಗ ಆಯ್ತು ಇಳಿಸು ಅಂತ. ನಾನು ಹೋಗಿ ಮುಚ್ಚಳ ತೆಗೆದು ನೋಡಿದ್ರೆ ಸರಿಯಾಗಿ ಅದೇ ಹೊತ್ತಿಗೆ ಕೊತಕೊತ ಅಂತ ಮರಳ್ತಾ ಇರುತ್ತೆ. ಒಂದು ಸಲನೂ ತಪ್ಪಿದ್ದು ನಾನು ನೋಡಿಲ್ಲ.

ಹೇಗಜ್ಜಿ ಗೊತ್ತಾಗುತ್ತೆ ಅಂದ್ರೆ, "ಕೂಗ್ತಾ ಇರೋ ನೀರು ಇನ್ನೂ ಕುದ್ದಿರಲ್ಲ ಕಣೇ, ಕುದಿ ಬಂದ ನೀರು ಕೂಗಲ್ಲ" ಅಂತಾರೆ. ಅವತ್ತಿಂದ ನಾನೂ ಕಿವಿಗೊಟ್ಟು ಕೇಳ್ತಿದೀನಿ, ನಿಜಾನೇ. ಮೊದ್ಲು ಏನೂ ಸದ್ದಿಲ್ಲ, ಆಮೇಲೆ ಸಣ್ಣಗೆ ಸುಂಯ್ ಅಂತ ಶುರುವಾಗಿ ಜೋರಾಗ್ತಾ ಆಗ್ತಾ ಪಕ್ಕದ ರೂಮಿಗೂ ಕೇಳೋ ಅಷ್ಟಾಗುತ್ತೆ, ಇನ್ನೇನು ಕುದಿಯುತ್ತೆ ಅನ್ನೋವಾಗ ಇದ್ದಕ್ಕಿದ್ದಂಗೆ ತಗ್ಗುತ್ತೆ, ಆಮೇಲೆ ಬರೋದು ಗುಳುಗುಳು ಅನ್ನೋ ದಪ್ಪ ಸದ್ದು ಅಷ್ಟೇ. ನನಗೆ ಅರ್ಥ ಆಗದೇ ಇರೋದು ಇದೇ, ಬಿಸಿ ಜಾಸ್ತಿ ಆದಂಗೆ ಸದ್ದೂ ಜಾಸ್ತಿ ಆಗ್ಬೇಕಲ್ವಾ? ಅತಿ ಹೆಚ್ಚು ಬಿಸಿ ಇರೋವಾಗ್ಲೇ ಯಾಕೆ ಕಮ್ಮಿ ಆಗುತ್ತೆ?

ಕಿರಣ್_ಎಂ

ಇದು ಸಿಂಪಲ್ ಅಲ್ವಾ, ನೀರಲ್ಲಿ ಗಾಳಿ ಕರಗಿರುತ್ತೆ, ಬಿಸಿ ಆದಾಗ ಅದು ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತೆ, ಆ ಸದ್ದೇ ಅದು. ಗಾಳಿ ಎಲ್ಲಾ ಖಾಲಿ ಆದ್ಮೇಲೆ ಸದ್ದು ನಿಲ್ಲುತ್ತೆ. ಸ್ಕೂಲಲ್ಲಿ ಹಂಗೇ ಹೇಳಿಕೊಟ್ಟಿದ್ದು ನೆನಪು.

ಮೇಷ್ಟ್ರು_ಜಿ

ಕಿರಣ್ ಅವ್ರೆ, ಗಾಳಿ ಹೊರಗೆ ಬರೋದು ನಿಜ, ಆದ್ರೆ ಸದ್ದು ಅದರದ್ದಲ್ಲ. ಸುಮಾ ಅವ್ರೆ, ನಿಮ್ಮಜ್ಜಿ ಕೇಳಿಸ್ಕೊಳ್ತಿರೋದು ಬಹಳ ಚೆಂದದ ವಿಷಯ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ನಾನು ಮಕ್ಕಳಿಗೆ ಪಾಠ ಮಾಡೋವಾಗ ಗಾಜಿನ ಬೀಕರ್ ಇಟ್ಟು ತೋರಿಸೋ ವಿಷಯ ಇದು.

ನೀರು ಕಾಯೋವಾಗ ಎರಡು ಥರದ ಗುಳ್ಳೆ ಬರುತ್ತೆ, ಜನ ಎರಡನ್ನೂ ಒಂದೇ ಅಂದ್ಕೋತಾರೆ. ಮೊದಲನೇದು ಗಾಳಿ ಗುಳ್ಳೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಕೊಳ್ಳುತ್ತೆ, 50 ಡಿಗ್ರಿಗೆ ಬಂದ್ರೆ ಹಿಡಿದಿಟ್ಕೊಳ್ಳೋಕೆ ಆಗೋದು 5.5 ಮಿಲಿಗ್ರಾಂ ಅಷ್ಟೇ, ಉಳಿದಿದ್ದು ಹೊರಗೆ ಬರ್ಲೇಬೇಕು. ಪಾತ್ರೆ ಗೋಡೆಗೆ, ತಳಕ್ಕೆ ಸಾಸಿವೆಗಿಂತ ಸಣ್ಣ ಮುತ್ತು ಅಂಟಿಸಿದಂಗೆ ಕೂತಿರುತ್ತಲ್ಲ, ಅದೇ ಇದು. ನಿಧಾನಕ್ಕೆ ಬಿಟ್ಕೊಂಡು ಮೇಲೆ ಹೋಗಿ ಸದ್ದಿಲ್ದೆ ಒಡೀತವೆ. ಈ ಹೊತ್ತಲ್ಲಿ ಪಾತ್ರೆಗೆ ಕಿವಿ ಕೊಟ್ರೂ ಏನೂ ಕೇಳ್ಸಲ್ಲ, ಗಮನಿಸಿ ನೋಡಿ.

ಎರಡನೇದು ಆವಿ ಗುಳ್ಳೆ, ಆಟ ಇರೋದೇ ಇದರಲ್ಲಿ. ನೀರು ಒಂದೇ ಸಮ ಬಿಸಿ ಆಗಲ್ಲ. ಉರಿ ಇರೋದು ಕೆಳಗೆ, ಹಂಗಾಗಿ ತಳಕ್ಕೆ ತಾಗಿರೋ ತೆಳ್ಳನೆ ಪದರ 100 ಡಿಗ್ರಿ ದಾಟಿರುತ್ತೆ, ಅದೇ ಹೊತ್ತಲ್ಲಿ ಎರಡು ಬೆರಳು ಮೇಲಿರೋ ನೀರು ಇನ್ನೂ 75, 80 ರಲ್ಲಿ ಇರುತ್ತೆ. ತಳದಲ್ಲಿ ಒಂದು ಸಣ್ಣ ಗೀರೋ ತಗ್ಗೋ ಇದ್ದ ಕಡೆ ನೀರು ಆವಿಯಾಗಿ ಗುಳ್ಳೆ ಉಬ್ಬುತ್ತೆ, ಮೇಲೇಳೋಕೆ ಹೋಗುತ್ತೆ, ತಣ್ಣನೆ ನೀರು ತಾಗುತ್ತೆ, ಒಳಗಿನ ಆವಿ ತಕ್ಷಣ ಮತ್ತೆ ನೀರಾಗಿಬಿಡುತ್ತೆ. ಈಗ ಒಂದು ಲೆಕ್ಕ ನೋಡಿ, ಒಂದಿಷ್ಟು ನೀರು ಆವಿಯಾದ್ರೆ ಸುಮಾರು 1,600 ಪಟ್ಟು ಜಾಗ ತಗೊಳ್ಳುತ್ತೆ. ಅಂದ್ರೆ ಆವಿ ನೀರಾದಾಗ ಗುಳ್ಳೆ ಇದ್ದ ಜಾಗ ಹೆಚ್ಚುಕಮ್ಮಿ ಪೂರ್ತಿ ಖಾಲಿ. ಸುತ್ತಲಿನ ನೀರು ಎಲ್ಲಾ ದಿಕ್ಕಿಂದ ಆ ಖಾಲಿಗೆ ನುಗ್ಗಿ ಒಂದಕ್ಕೊಂದು ಬಡಿಯುತ್ತೆ, ಟಪ್ ಅಂತ. ಒಂದು ಗುಳ್ಳೆದು ಕೇಳ್ಸೋದೇ ಇಲ್ಲ, ಆದ್ರೆ ತಳದ ತುಂಬಾ ಲೆಕ್ಕವಿಲ್ದಷ್ಟು ಗುಳ್ಳೆ ಒಂದರ ಹಿಂದೆ ಒಂದು ಹುಟ್ಟಿ ಸಾಯ್ತಾ ಇರ್ತವಲ್ಲ, ಎಲ್ಲಾ ಸೇರಿ ಸುಂಯ್ ಅಂತ ಕೇಳ್ಸುತ್ತೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಮೇಲಿನ ನೀರೂ 100 ಮುಟ್ಟಿದ ಮೇಲೆ ಗುಳ್ಳೆ ಸಾಯೋಕೆ ತಣ್ಣನೆ ಜಾಗನೇ ಇರಲ್ಲ. ತಳದಲ್ಲಿ ಹುಟ್ಟಿದ್ದು ದಾರಿಯುದ್ದಕ್ಕೂ ದಪ್ಪ ಆಗ್ತಾ ಮೇಲ್ತನಕ ಹೋಗಿ ಅಲ್ಲಿ ಒಡೆದು ಆವಿ ಬಿಡುತ್ತೆ. ಬಡಿಯೋ ಸದ್ದು ನಿಂತು ಒಡೆಯೋ ಸದ್ದು ಉಳಿಯುತ್ತೆ, ಅದೇ ನೀವು ಹೇಳಿದ ಗುಳುಗುಳು. ಅಜ್ಜಿ ಹೇಳಿದ್ದು ಅಕ್ಷರಶಃ ಸರಿ.

ಕಿರಣ್_ಎಂ

ಸರ್ ಒಪ್ತೀನಿ, ಆದ್ರೆ ಗಾಳಿ ಅಲ್ಲ ಅನ್ನೋದನ್ನ ಮನೇಲೇ ಪರೀಕ್ಷೆ ಮಾಡಿ ನೋಡೋಕೆ ಆಗುತ್ತಾ?

ಮೇಷ್ಟ್ರು_ಜಿ

ಆಗುತ್ತೆ. ನೀರನ್ನ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಕರಗಿದ್ದ ಗಾಳಿ ಬಹುಪಾಲು ಹೋಗಿರುತ್ತೆ. ಕೈಮುಟ್ಟಬಹುದು ಅನ್ನೋಷ್ಟು ಆರೋತನಕ ಬಿಟ್ಟು ತಕ್ಷಣ ಮತ್ತೆ ಕಾಯೋಕಿಡಿ. ಗೋಡೆಗಂಟೋ ಆ ಮುತ್ತುಗಳು ಈ ಸಲ ಅಷ್ಟಾಗಿ ಬರಲ್ಲ, ಆದ್ರೆ ಸುಂಯ್ ಸದ್ದು ಬಂದೇ ಬರುತ್ತೆ. ಇನ್ನೊಂದು, ಕೊತಕೊತ ಕುದೀತಿರೋ ನೀರಿಗೆ ಒಂದು ಲೋಟ ತಣ್ಣೀರು ಹುಷಾರಾಗಿ ಹಾಕಿ. ಕುದಿ ನಿಂತು ಸ್ವಲ್ಪ ಹೊತ್ತಿಗೆ ಹಳೇ ಸದ್ದು ವಾಪಸ್ ಬರುತ್ತೆ, ಗುಳ್ಳೆ ಸಾಯೋಕೆ ಮತ್ತೆ ತಣ್ಣನೆ ಜಾಗ ಸಿಕ್ತಲ್ಲ.

ಇನ್ನೊಂದು ವಿಷಯ ಹೇಳ್ದೆ ಹೋದ್ರೆ ಮನಸ್ಸಿಗೆ ಸಮಾಧಾನ ಆಗಲ್ಲ. ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರಕ್ಕೆ ಹೋದ್ರೆ ಗಾಳಿ ಒತ್ತಡ ಕಮ್ಮಿ ಆಗಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ. ಅಲ್ಲಿ ಥರ್ಮಾಮೀಟರ್ ಹಿಡ್ಕೊಂಡು 100 ಆಗ್ಲಿ ಅಂತ ಕಾದ್ರೆ ಆಗೋದೇ ಇಲ್ಲ. ಆದ್ರೆ ಸದ್ದು ಕೇಳಿ ಹೇಳೋರಿಗೆ ಎತ್ತರ ಲೆಕ್ಕಕ್ಕೇ ಬರಲ್ಲ, ಎಲ್ಲೇ ಇಟ್ರೂ ಆ ಜಾಗದ ಕುದಿಬಿಂದುಗೇ ಸದ್ದು ತಗ್ಗುತ್ತೆ.

ಕಡಲಹಕ್ಕಿ

ಮೇಷ್ಟ್ರೇ ಎಷ್ಟು ಚೆನ್ನಾಗಿ ಹೇಳಿದ್ರಿ. ಇದರ ಹಿಂದೆ ಒಂದು ಕಥೆ ಇದೆ, ನಂಗೆ ತುಂಬಾ ಇಷ್ಟ ಆದದ್ದು.

ಆಕಾಶ ಯಾಕೆ ನೀಲಿ ಅಂತ ವಿವರಿಸಿದ ಲಾರ್ಡ್ ರೇಲೀ ಗೊತ್ತಲ್ಲ, ಆರ್ಗಾನ್ ಅನಿಲ ಕಂಡುಹಿಡಿದಿದ್ದಕ್ಕೆ 1904 ರಲ್ಲಿ ನೊಬೆಲ್ ಬಂದೋರು. ಅವರು 1917 ರಲ್ಲಿ ಒಂದು ಪ್ರಬಂಧ ಬರೆದ್ರು, ನೀರೊಳಗೆ ಒಂದು ಖಾಲಿ ಗುಳ್ಳೆ ಕುಸಿದಾಗ ಎಷ್ಟು ಒತ್ತಡ ಹುಟ್ಟುತ್ತೆ ಅಂತ. ಅದು ಶುರುವಾಗೋದೇ ಕಾಯ್ತಿರೋ ಕೆಟಲ್ ಸದ್ದಿಂದ! ಆಸ್ಬರ್ನ್ ರೆನಾಲ್ಡ್ಸ್ ಅನ್ನೋ ವಿಜ್ಞಾನಿ ಅದಕ್ಕೂ ಮುಂಚೆ, ಕೆಟಲ್ ಸದ್ದು ತಣ್ಣೀರಲ್ಲಿ ಗುಳ್ಳೆ ಕುಸಿಯೋದ್ರಿಂದ ಬರೋದು ಅಂತ ಬರೆದಿದ್ರಂತೆ, ಅದನ್ನ ಓದಿ ರೇಲೀ ಲೆಕ್ಕಕ್ಕೆ ಕೂತಿದ್ದು. ಲೆಕ್ಕ ಮುಗಿಸೋ ಹೊತ್ತಿಗೆ ಗೊತ್ತಾಗಿದ್ದು, ಗುಳ್ಳೆ ಪೂರ್ತಿ ಕುಸಿಯೋ ಆ ಕ್ಷಣದಲ್ಲಿ ಒತ್ತಡ ಎಷ್ಟು ಏರುತ್ತೆ ಅಂದ್ರೆ ಗಟ್ಟಿ ಲೋಹಕ್ಕೂ ಪೆಟ್ಟು ಬೀಳುತ್ತೆ. ಆ ಕಾಲಕ್ಕೆ ಹಡಗಿನ ಪ್ರೊಪೆಲರ್‌ಗಳು ಯಾರೋ ಉಳಿ ಹಿಡಿದು ಕೆತ್ತಿದಂಗೆ ಗುಳಿ ಗುಳಿ ಬಿದ್ದು ಹಾಳಾಗ್ತಿದ್ವು. ಪ್ರೊಪೆಲರ್ ಜೋರಾಗಿ ತಿರುಗಿದಾಗ ಅದರ ಹಿಂದೆ ಒತ್ತಡ ಬಿದ್ದುಹೋಗಿ ತಣ್ಣನೆ ನೀರಲ್ಲೇ ಆವಿ ಗುಳ್ಳೆ ಹುಟ್ಟುತ್ತೆ, ಒತ್ತಡ ವಾಪಸ್ ಬಂದಾಗ ಕುಸಿಯುತ್ತೆ, ಕುಸಿದಾಗೆಲ್ಲ ಒಂದು ಪೆಟ್ಟು. ಇದಕ್ಕೆ ಕ್ಯಾವಿಟೇಶನ್ ಅಂತಾರೆ. ಅಂದ್ರೆ ಅಡುಗೆಮನೇಲಿ ಪಾತ್ರೆ ಹಾಡೋದೂ ಹಡಗಿನ ಲೋಹ ಸವೆಯೋದೂ ಒಂದೇ ವಿದ್ಯಮಾನ, ನೀರು ಪಂಪ್ ಒಳಗೆ ಜಲ್ಲಿಕಲ್ಲು ಉರುಳಿದಂಗೆ ಸದ್ದು ಬರುತ್ತಲ್ಲ ಕೆಲವೊಮ್ಮೆ, ಅದೂ ಇದೇ, ಹಂಗೆ ಬಂದ್ರೆ ಪಂಪ್ ಮೆಕ್ಯಾನಿಕ್ ಬೇಗ ಕರೆಸಿ ಅಂತಾರೆ ಅದಕ್ಕೇ.

ಸಮುದ್ರದಲ್ಲಿ ಇದನ್ನೇ ಆಯುಧ ಮಾಡ್ಕೊಂಡಿರೋ ಜೀವಿ ಇದೆ, ಪಿಸ್ತೂಲು ಸೀಗಡಿ. ಬೆರಳುದ್ದ ಇರುತ್ತೆ ಅಷ್ಟೇ, ಒಂದು ಕೊಂಡಿ ಮಾತ್ರ ಮೈಗೆ ಸರಿಹೊಂದದಷ್ಟು ದೊಡ್ಡದು. ಅದನ್ನ ಪಟ್ ಅಂತ ಮುಚ್ಚಿದ್ರೆ ನೀರು ಚಿಮ್ಮುತ್ತೆ, ಮುಂದಿರೋ ಸಣ್ಣ ಬೇಟೆ ಆ ಹೊಡೆತಕ್ಕೇ ಮಂಕಾಗಿಬಿಡುತ್ತೆ. ಕೊಂಡಿಯ ಎರಡು ದಳ ಬಡಿದು ಸದ್ದು ಬರುತ್ತೆ ಅಂತ ಬಹಳ ಕಾಲ ನಂಬಿದ್ರು. 2000 ದಲ್ಲಿ ಹೈ-ಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದಾಗ, ಕೊಂಡಿ ಮುಚ್ಚೋ ಹೊತ್ತಿಗೆ ಸದ್ದೇ ಇಲ್ಲ, ಅದಾದ ಮೇಲೆ ನೀರಲ್ಲಿ ಹುಟ್ಟಿದ ಗುಳ್ಳೆ ಕುಸಿಯೋವಾಗ ಸದ್ದು ಅಂತ ಗೊತ್ತಾಯ್ತು. ಮುಂದಿನ ವರ್ಷ ಇನ್ನೊಂದು ಕಂಡ್ರು, ಗುಳ್ಳೆ ಕುಸಿಯೋ ಕ್ಷಣದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಬೆಳಕಿನ ಮಿಂಚು ಬರುತ್ತೆ, ಒಳಗಿನ ಉಷ್ಣತೆ 5,000 ಕೆಲ್ವಿನ್ (ಸುಮಾರು 4,700 ಡಿಗ್ರಿ ಸೆಲ್ಸಿಯಸ್) ಆದ್ರೂ ಇರ್ಬೇಕು ಅಂತ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಪತ್ತೆ ಮಾಡೋಕೆ ನೀರೊಳಗೆ ಕಿವಿಗೊಟ್ಟೋರಿಗೆ ಈ ಸೀಗಡಿ ಗುಂಪುಗಳ ಚಟಪಟ ಸದ್ದೇ ದೊಡ್ಡ ಅಡ್ಡಿಯಾಗಿತ್ತಂತೆ. ಇದನ್ನೆಲ್ಲಾ ಓದಿದ ಮೇಲೆ ನಂಗೆ ನೀರು ಕಾಯೋ ಸದ್ದು ಮೊದಲಿನ ಥರ ಕೇಳ್ಸೋದೇ ಇಲ್ಲ.

ಸುಮಾ_ಕೆ

ಅಯ್ಯೋ ಇಷ್ಟೆಲ್ಲಾ ಇದೆಯಾ ಇದರಲ್ಲಿ! ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿಗೆ ಓದಿ ಹೇಳಿದೆ, ಸೀಗಡಿ ಭಾಗ ಎರಡು ಸಲ ಓದಿಸಿದ್ರು. ಒಂದು ಡೌಟು, ಕೆಟಲ್ ಸೀಟಿ ಹೊಡೆಯುತ್ತಲ್ಲ, ಅದೂ ಗುಳ್ಳೆದೇನಾ? ಮತ್ತೆ ಅಜ್ಜಿ ಲೋಟಕ್ಕೆ ನೀರು ಬಗ್ಗಿಸೋವಾಗ ಬೆರಳು ಅದ್ದದೇನೇ ತುಂಬಿದ್ದು ಗೊತ್ತು ಮಾಡ್ಕೋತಾರೆ, ಅದನ್ನೂ ಯಾರಾದ್ರೂ ಹೇಳಿ.

ವೀಣಾ_ಆರ್

ಸೀಟಿ ಬೇರೆ. ಅದು ಕುದಿ ಬಂದ ಮೇಲೆ ಆವಿ ಜೋರಾಗಿ ಹೊರಗೆ ನುಗ್ಗೋವಾಗ ಬರೋದು, ನೀರೊಳಗಿನ ಗುಳ್ಳೆಗೂ ಅದಕ್ಕೂ ಸಂಬಂಧ ಇಲ್ಲ. ಕೆಟಲ್ ಮೂತಿಯ ಸೀಟೀಲಿ ತೂತಿರೋ ಎರಡು ತಟ್ಟೆ ಇರ್ತವೆ, ಮೊದಲ ತೂತಿಂದ ಬಂದ ಆವಿ ಧಾರೆ ಎರಡನೇ ತೂತಿಗೆ ಬರೋ ಹೊತ್ತಿಗೆ ಅಲುಗಾಡಿ ಸಣ್ಣ ಸಣ್ಣ ಸುಳಿ ಆಗುತ್ತೆ, ಆ ಸುಳಿಗಳು ಸ್ವರ ಕೊಡ್ತವೆ. ಇದನ್ನ ಪೂರ್ತಿ ಬಿಡಿಸಿದ್ದು 2013 ರಲ್ಲಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರಾಸ್ ಹೆನ್ರಿವುಡ್ ಮತ್ತೆ ಅನುರಾಗ್ ಅಗರ್ವಾಲ್ ಅನ್ನೋರು. ಶತಮಾನಕ್ಕೂ ಹೆಚ್ಚು ಕಾಲ ಮನೆಮನೇಲಿ ಕೂಗ್ತಿದ್ದ ವಸ್ತು, ಯಾಕೆ ಕೂಗುತ್ತೆ ಅಂತ ಪೂರ್ತಿ ತಿಳಿದಿದ್ದು ಮೊನ್ನೆ ಮೊನ್ನೆ ಅಂದಂಗಾಯ್ತು.

ಅದೇ ಅಗರ್ವಾಲ್ ಅವರು ಒಂದ್ಸಲ ಬ್ರೆಜಿಲ್‌ನಲ್ಲಿ ಸ್ನೇಹಿತರ ಮನೇಲಿ ಉಳ್ಕೊಂಡಿದ್ದಾಗ ಚಾವಣಿ ಸೋರಿ ಬಕೆಟ್‌ಗೆ ಹನಿ ಬೀಳೋ ಸದ್ದಿಗೆ ನಿದ್ದೆ ಬಂದಿಲ್ಲ, ಆ ಸದ್ದು ಎಲ್ಲಿಂದ ಬರುತ್ತೆ ಅಂತ ಹುಡುಕಿ 2018 ರಲ್ಲಿ ತಮ್ಮ ತಂಡದ ಜೊತೆ ಪ್ರಕಟಿಸಿದ್ರು. ಹನಿ ನೀರಿಗೆ ಬಡಿಯೋದ್ರಲ್ಲಿ ಹೆಚ್ಚುಕಮ್ಮಿ ಸದ್ದೇ ಇಲ್ಲ! ಹನಿ ಬಿದ್ದಾಗ ನೀರಲ್ಲಿ ಒಂದು ಗುಳಿ ಬೀಳುತ್ತೆ, ಆ ಗುಳಿ ಮುಚ್ಕೊಳ್ಳೋವಾಗ ಅದರ ತಳದಲ್ಲಿ ಒಂದು ಪುಟ್ಟ ಗಾಳಿ ಗುಳ್ಳೆ ಸಿಕ್ಕಿಹಾಕ್ಕೊಳ್ಳುತ್ತೆ, ಅದು ಅದುರಿ ಮೇಲಿನ ನೀರನ್ನ ತಬಲಾ ಚರ್ಮದ ಥರ ಅದುರಿಸುತ್ತೆ, ಅದೇ ಟೊಣ್ ಅನ್ನೋ ಸದ್ದು. ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ್ರೆ ಮೇಲ್ಮೈ ಎಳೆತ ಕಮ್ಮಿ ಆಗಿ ಆ ಗುಳ್ಳೆ ಸಿಕ್ಕಿಕೊಳ್ಳಲ್ಲ, ಸದ್ದೂ ನಿಲ್ಲುತ್ತೆ. ರಾತ್ರಿ ನಲ್ಲಿ ತೊಟ್ಟಿಕ್ಕೋ ಕಾಟ ಇದ್ದೋರು ಮಾಡಿ ನೋಡಿ, ನಾನು ಮಾಡಿದೀನಿ, ಕೆಲಸ ಮಾಡುತ್ತೆ.

ಗುಳ್ಳೆಗೂ ಸ್ವರಕ್ಕೂ ಲೆಕ್ಕ ಹಾಕಿದ್ದು ಮಾರ್ಸೆಲ್ ಮಿನ್ನಾರ್ಟ್ ಅನ್ನೋ ಖಗೋಳ ವಿಜ್ಞಾನಿ, 1933 ರಲ್ಲಿ. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಮೇಲೆ. 3 ಮಿಲಿಮೀಟರ್ ತ್ರಿಜ್ಯದ ಗಾಳಿ ಗುಳ್ಳೆ ಸುಮಾರು 1,100 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಅದುರುತ್ತೆ), 1 ಮಿಲಿಮೀಟರ್‌ದು 3,200 ಚಿಲ್ಲರೆ. ತೊರೆ ಜುಳುಜುಳು ಅನ್ನುತ್ತಲ್ಲ, ಅದು ಸಾವಿರಾರು ಗುಳ್ಳೆಗಳು ಒಂದೊಂದು ಸ್ವರ ಹಿಡಿದು ಹಾಡ್ತಿರೋದು, ಗುಳ್ಳೆ ಎಬ್ಬಿಸದೆ ನುಣ್ಣಗೆ ಹರಿಯೋ ನೀರು ಮೌನ.

ಇನ್ನು ಅಜ್ಜಿ ಲೋಟ. ಅದು ಲೋಟದೊಳಗೆ ಉಳಿದಿರೋ ಗಾಳಿ ಕಂಬದ ಸದ್ದು, ಕೊಳಲಿನ ಲೆಕ್ಕ. ನೆಟ್ಟಗಿರೋ ಉದ್ದನೆ ಪಾತ್ರೇಲಿ 30 ಸೆಂಟಿಮೀಟರ್ ಗಾಳಿ ಇದ್ರೆ ಸುಮಾರು 285 ಹರ್ಟ್ಸ್, ನೀರು ಏರಿ 10 ಸೆಂಟಿಮೀಟರ್ ಉಳಿದ್ರೆ 850 ರ ಹತ್ರ. ತುಂಬ್ತಾ ತುಂಬ್ತಾ ಸ್ವರ ಏರುತ್ತೆ, ಕೊನೇ ಒಂದೆರಡು ಬೆರಳಲ್ಲಂತೂ ಸರ್ರನೆ ಏರುತ್ತೆ. ಅಜ್ಜಿ ಆ ಏರೋದನ್ನ ಹಿಡೀತಾರೆ. ಮತ್ತೆ ಒಂದು ಕೇಳಿ ಅವರನ್ನ, ಬಗ್ಗಿಸ್ತಿರೋದು ಬಿಸಿನೀರೋ ತಣ್ಣೀರೋ ಅಂತ ಸದ್ದಲ್ಲೇ ಹೇಳ್ತಾರಾ ಅಂತ. ಬಹಳ ಜನ ಹೇಳ್ತಾರೆ, ತಮಗೆ ಆ ಶಕ್ತಿ ಇದೆ ಅಂತ ಅವರಿಗೇ ಗೊತ್ತಿರಲ್ಲ.

ಮೇಷ್ಟ್ರು_ಜಿ

ವೀಣಾ ಅವ್ರು ಹೇಳಿದ್ದಕ್ಕೆ ಒಂದೇ ಒಂದು ಸೇರಿಸ್ತೀನಿ, ಇದು ಹುಷಾರಿನ ಮಾತು. ಸದ್ದೇ ಮಾಡದೆ ಕುದಿಬಿಂದು ದಾಟೋ ನೀರೂ ಇದೆ, ಮೈಕ್ರೋವೇವ್‌ನಲ್ಲಿ. ಅಲ್ಲಿ ತಳದಿಂದ ಬಿಸಿ ಬರಲ್ಲ, ನುಣ್ಣನೆ ಗಾಜಿನ ಕಪ್ ಆದ್ರೆ ಗುಳ್ಳೆ ಹುಟ್ಟೋಕೆ ಗೀರು ತಗ್ಗು ಏನೂ ಸಿಗಲ್ಲ, ನೀರು 100 ಡಿಗ್ರಿ ದಾಟಿಯೂ ಕೊಳದ ಥರ ಸುಮ್ಮನೆ ನಿಂತಿರುತ್ತೆ. ಚಮಚ ಹಾಕಿದ್ರೆ, ಇಲ್ಲಾ ಕಪ್ ಸ್ವಲ್ಪ ಅಲುಗಾಡಿದ್ರೆ ಒಂದೇ ಸಲಕ್ಕೆ ಉಕ್ಕಿ ಮುಖಕ್ಕೆ, ಕೈಗೆ ಎರಚುತ್ತೆ, ಜನ ಸುಟ್ಟುಕೊಂಡಿದ್ದಾರೆ. ಹಂಗಾಗಿ ಮೈಕ್ರೋವೇವ್‌ನಲ್ಲಿ ಬರೀ ನೀರು ಕಾಯಿಸೋದಾದ್ರೆ ಒಳಗೆ ಒಂದು ಮರದ ಕಡ್ಡಿ ಇಟ್ಟು ಕಾಯಿಸಿ, ಜಾಸ್ತಿ ಹೊತ್ತು ಇಡಬೇಡಿ. ಸುಮಾ ಅವ್ರೆ, ಅಜ್ಜಿಗೆ ಮೈಕ್ರೋವೇವ್ ಕೆಲಸ ಬೇಡ, ಅಲ್ಲಿ ಅವರ ಕಿವಿಗೆ ಏನೂ ಸುಳಿವು ಸಿಗಲ್ಲ.

ಸುಮಾ_ಕೆ

ಮೇಷ್ಟ್ರೇ, ಅಜ್ಜಿ ಅದನ್ನ ಮುಟ್ಟಲ್ಲ, ಆದ್ರೂ ನಾನು ಇವತ್ತೇ ಮನೆಯೋರಿಗೆಲ್ಲ ಹೇಳಿದೆ.

ಸಂಜೆ ಸ್ಟವ್ ಮೇಲೆ ಇಡಬಹುದಾದ ಗಾಜಿನ ಪಾತ್ರೇಲಿ ನೀರಿಟ್ಟು ಥರ್ಮಾಮೀಟರ್ ಅರ್ಧ ಆಳಕ್ಕೆ ಇಳಿಬಿಟ್ಟು ನಾನೂ ಅಜ್ಜಿನೂ ಕೂತ್ವಿ. ಮೊದ್ಲು ಗೋಡೆಗೆ ಮುತ್ತು ಬಂತು, ಸದ್ದಿಲ್ಲ. 70 ದಾಟಿದ ಮೇಲೆ ಅಜ್ಜಿ "ಶುರುವಾಯ್ತು" ಅಂದ್ರು, ಬಗ್ಗಿ ನೋಡಿದ್ರೆ ತಳದಲ್ಲಿ ಪಾರದರ್ಶಕ ಗುಳ್ಳೆಗಳು ಉಬ್ಬಿ ಒಂದು ಬೆರಳು ಮೇಲೆ ಬರೋ ಅಷ್ಟರಲ್ಲಿ ಮಾಯ, ಎಲ್ಲಿ ಹೋಯ್ತು ಅಂತ ಕಣ್ಣಿಗೆ ಸಿಗಲ್ಲ, ಅಷ್ಟು ಬೇಗ. ನೀರು ಕಾದಂಗೆ ಮಾಯ ಆಗೋ ಜಾಗ ಮೇಲೆ ಮೇಲೆ ಹೋಗ್ತಾ ಬಂತು, ಎರಡು ಬೆರಳು, ಮೂರು ಬೆರಳು. ಮೊದಲ ಗುಳ್ಳೆ ಮೇಲ್ತನಕ ಬಂದು ಒಡೆದಿದ್ದೂ, ಅಜ್ಜಿ ಕುರ್ಚಿಯಿಂದ "ಇಳಿಸು" ಅಂದಿದ್ದೂ ಹೆಚ್ಚುಕಮ್ಮಿ ಒಟ್ಟಿಗೇ ಆಯ್ತು. ನಾನು ಕಂಡಿದ್ದನ್ನೆಲ್ಲಾ ಹೇಳ್ತಾ ಹೋದೆ, ಗುಳ್ಳೆ ಎಷ್ಟು ದೊಡ್ಡದಿತ್ತು, ಎಲ್ಲಿ ಕರಗಿತು ಅಂತ ಅವರು ಒಂದೊಂದೇ ಕೇಳ್ತಾ ಹೋದ್ರು.

ಬಿಸಿನೀರು ತಣ್ಣೀರು ಪರೀಕ್ಷೆನೂ ಮಾಡಿದ್ವಿ ವೀಣಾ ಅವ್ರೆ. ಹತ್ತು ಸಲ ಬಗ್ಗಿಸಿದೆ, ಹತ್ತೂ ಸರಿ. ನಂದು ಏಳು.